ಹಳೇ ಮೇಲ್ ಸರ್ವರ್‌ಗೂ ಹೂವು, ಹೊಸದಕ್ಕೂ ಹೂವು: ಈ ಜೋಡಿ ಸಂಸಾರ ಎಲ್ಲಿವರೆಗೆ?

ಕಳೆದ ಆಯುಧಪೂಜೆ ದಿನ, ಅಂದ್ರೆ 2025ರ ಅಕ್ಟೋಬರ್ 1ಕ್ಕೆ, ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿರೋ ನಮ್ಮ ಫ್ಯಾಕ್ಟರಿ ಸರ್ವರ್ ರೂಮಲ್ಲಿ ಎರಡು ಮೇಲ್ ಸರ್ವರ್‌ಗೆ ಕುಂಕುಮ ಇಟ್ಟು ಸೇವಂತಿಗೆ ಮುಡಿಸಿದ್ವಿ. ಒಂದು ಹಳೇದು, ಮೈಕ್ರೋಸಾಫ್ಟ್‌ನ ಮೇಲ್ ಸಾಫ್ಟ್‌ವೇರ್ ಎಕ್ಸ್‌ಚೇಂಜ್ 2016. ಇನ್ನೊಂದು ಆಗಸ್ಟ್‌ನಲ್ಲಿ ಬಂದಿದ್ದು. ಬಾಗ್ಲಲ್ಲಿ ಬೂದುಗುಂಬಳ ಒಡೆದಾದ್ಮೇಲೆ ಸ್ಟೋರ್ಸ್‌ನಲ್ಲಿರೋ ಹಿರಿಯರೊಬ್ಬರು, ಮಂಡ್ಯ ಕಡೆಯೋರು, ಪುರಿ ಪೊಟ್ಟಣ ಹಿಡ್ಕೊಂಡು ಒಳಗೆ ಇಣುಕಿ, "ಇದೇನ್ ಸಾರ್, ಹಳೇದ್ನ ತಗ್ದಾಕ್ತೀವಿ ಅಂತ ಯುಗಾದಿಯಿಂದ ಹೇಳ್ತಾವ್ರಿ, ಅದ್ಕೂ ಹೂ ಮುಡ್ಸಿದ್ದೀರಲ್ಲ" ಅಂದ್ರು. "ಇನ್ನೊಸಿ ದಿನ ಇರ್ಲಿ ಕಣಣ್ಣ" ಅಂದೆ.

ಆ "ಇನ್ನೊಸಿ ದಿನ" ಅನ್ನೋ ಮಾತಿನ ಬಗ್ಗೆನೇ ಬರೀಬೇಕು ಅಂತ ಆವತ್ತಿಂದ ಅನ್ಕೊಂಡಿದ್ದೆ. ಯಾಕಂದ್ರೆ ಈಗ ಮೈಸೂರು, ನಂಜನಗೂಡು, ಮದ್ದೂರು ಸುತ್ತಮುತ್ತ ನನಗೆ ಗೊತ್ತಿರೋ ಸಿಸ್ಟಮ್ ಅಡ್ಮಿನ್‌ಗಳಲ್ಲಿ ಅರ್ಧ ಜನ ಇದೇ ಸ್ಥಿತಿಯಲ್ಲಿದ್ದಾರೆ, ಹಳೇದು ಆಫ್ ಮಾಡೋಕಾಗ್ತಿಲ್ಲ, ಹೊಸದು ಪೂರ್ತಿ ಆಗ್ತಿಲ್ಲ, ಎರಡಕ್ಕೂ ಕರೆಂಟು, ಎರಡಕ್ಕೂ ಬ್ಯಾಕಪ್ಪು, ಎರಡರದ್ದೂ ತಲೆನೋವು. ಎಲ್ಲರೂ ಇದನ್ನ "ಸದ್ಯಕ್ಕೆ ಸೇಫ್" ಅಂತ ಅನ್ಕೊಂಡಿರ್ತಾರೆ. ನನ್ನ ಪ್ರಕಾರ ಮೂರು ಸ್ಥಿತಿಗಳಲ್ಲಿ, ಅಂದ್ರೆ ಬರೀ ಹಳೇದು, ಬರೀ ಹೊಸದು, ಎರಡೂ ಒಟ್ಟಿಗೆ, ಈ ಮೂರರಲ್ಲಿ ಜಾಸ್ತಿ ಡೇಂಜರ್ ಇರೋದೇ ಮೂರನೇದು.

ಮೊದ್ಲು ಯಾಕೆ ಈಗ ಈ ಗಲಾಟೆ ಅಂತ ಹೇಳ್ಬಿಡ್ತೀನಿ. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ 2016 ಮತ್ತೆ 2019, ಎರಡಕ್ಕೂ ಒಂದೇ ದಿನ ಸಪೋರ್ಟ್ (ದೋಷ ಸಿಕ್ಕಿದ್ರೆ ತಿದ್ದಿ ಪ್ಯಾಚ್ ಕೊಡೋದು) ಮುಗೀತು, 2025ರ ಅಕ್ಟೋಬರ್ 14. ಚಾಟ್‌ಗೆ ಬಳಸ್ತಿದ್ದ ಸ್ಕೈಪ್ ಫಾರ್ ಬಿಸಿನೆಸ್ ಸರ್ವರ್ 2015 ಮತ್ತೆ 2019ಕ್ಕೂ ಅದೇ ದಿನ. ಬದಲಿಗೆ ಬಂದಿದ್ದು ಎಕ್ಸ್‌ಚೇಂಜ್ ಸರ್ವರ್ ಸಬ್‌ಸ್ಕ್ರಿಪ್ಶನ್ ಎಡಿಶನ್, ನಮ್ಮ ಬಾಯಲ್ಲಿ ಎಸ್‌ಇ, 2025ರ ಜುಲೈ 1ಕ್ಕೆ. ಅಂದ್ರೆ ಹೊಸದು ಬಂದಿದ್ದಕ್ಕೂ ಹಳೇದು ಮುಗಿದಿದ್ದಕ್ಕೂ ನಡುವೆ ಮೂರೂವರೆ ತಿಂಗಳು. ಈ ಮೂರೂವರೆ ತಿಂಗಳಲ್ಲಿ ನಮ್ಮ ಕಡೆ ಏನೇನಿರುತ್ತೆ ಲೆಕ್ಕ ಹಾಕಿ: ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ಮಧ್ಯದಲ್ಲಿ ಹಾಫ್ ಇಯರ್ಲಿ ಕ್ಲೋಸಿಂಗು. ಪರ್ಚೇಸ್ ಆರ್ಡರ್‌ಗೆ ಸಹಿ ಬೀಳೋ ಹೊತ್ತಿಗೇ ಆಗಸ್ಟ್ ಬಂದಿತ್ತು.

2019 ಇಟ್ಕೊಂಡಿದ್ದೋರು ಬಚಾವ್. ಎಸ್‌ಇ ಮೊದಲ ರಿಲೀಸ್ ಅಂದ್ರೆ ಹೆಚ್ಚೂ ಕಮ್ಮಿ 2019ರ ಕೊನೇ ಕ್ಯುಮುಲೇಟಿವ್ ಅಪ್ಡೇಟ್, ಸಿಯು15, ಅದೇ ಕೋಡು, ಹೆಸರು ಮತ್ತೆ ಲೈಸೆನ್ಸ್ ಬೇರೆ. ಹಂಗಾಗಿ ಇದ್ದ ಸರ್ವರ್ ಮೇಲೇ ಅಪ್‌ಗ್ರೇಡ್ ಮಾಡ್ಕೊಂಡು ಹೋದ್ರು, ಜಾಗ ಬದಲಾಗಲಿಲ್ಲ. 2016ರೋರಿಗೆ ಆ ದಾರಿ ಇಲ್ಲ. ಪಕ್ಕದಲ್ಲಿ ಹೊಸ ಸರ್ವರ್ ಎಬ್ಬಿಸಿ, ಒಂದೊಂದೇ ಮೇಲ್‌ಬಾಕ್ಸ್ ಸಾಗಿಸಿ, ಕೊನೆಗೆ ಹಳೇದನ್ನ ಅನ್‌ಇನ್‌ಸ್ಟಾಲ್ ಮಾಡ್ಬೇಕು. ಬಾಡಿಗೆ ಮನೆ ಖಾಲಿ ಮಾಡ್ದಂಗೆ, ಎರಡು ಮನೆಗೂ ಬೀಗ ನಮ್ಮ ಕೈಲೇ ಇರೋ ಆ ಹತ್ತು ಹದಿನೈದು ದಿನ ಇರುತ್ತಲ್ಲ, ಅದಕ್ಕೆ ನಮ್ಮ ಭಾಷೇಲಿ ಕೋಎಕ್ಸಿಸ್ಟೆನ್ಸ್ ಅಂತಾರೆ. ಹತ್ತು ಹದಿನೈದು ದಿನ ಅಂದೆ. ನಮ್ಮದು ಏಳನೇ ತಿಂಗಳು.

ಇನ್ನೂ ಹಳೇದಿದ್ರೆ ಎರಡು ಸಲ ಮನೆ ಬದಲಾಯಿಸ್ಬೇಕು. ಎಕ್ಸ್‌ಚೇಂಜ್ 2010 ಪಕ್ಕದಲ್ಲಿ 2019 ಕೂರಲ್ಲ, ಮೊದ್ಲು 2016ಕ್ಕೋ 2013ಕ್ಕೋ ಹೋಗಿ, 2010ನ ಪೂರ್ತಿ ತೆಗೆದು, ಆಮೇಲೆ ಮುಂದಿನ ಹೆಜ್ಜೆ. 2010ಕ್ಕೆ ಸಪೋರ್ಟ್ ಮುಗಿದಿದ್ದು 2020ರ ಅಕ್ಟೋಬರ್‌ನಲ್ಲಿ, 2013ಕ್ಕೆ 2023ರ ಏಪ್ರಿಲ್‌ನಲ್ಲಿ. ಹಂಗಂತ ಅವು ಇನ್ನೂ ಎಲ್ಲೂ ಓಡ್ತಿಲ್ಲ ಅನ್ಕೋಬೇಡಿ.

ಸಪೋರ್ಟ್ ಮುಗೀತು ಅಂದ್ರೆ ಮಾರನೇ ದಿನ ಬೆಳಿಗ್ಗೆ ಸರ್ವರ್ ನಿಂತೋಗಲ್ಲ. ಇದೇ ದೊಡ್ಡ ಸಮಸ್ಯೆ ಅನ್ಸುತ್ತೆ ನನಗೆ. ನಿಂತೋಗಿದ್ರೆ ಮ್ಯಾನೇಜ್‌ಮೆಂಟ್‌ಗೆ ಅರ್ಥ ಆಗೋದು. ಅಕ್ಟೋಬರ್ 15ಕ್ಕೆ ನಮ್ಮ ಜಿಎಂ ಸಾಹೇಬ್ರು "ಏನೂ ಆಗಲೇ ಇಲ್ವಲ್ರೀ" ಅಂದ್ರು, ಆ ದನಿಯಲ್ಲಿ ನಾನೇನೋ ಸುಳ್ಳು ಹೇಳಿ ಮೂವತ್ತು ಲಕ್ಷ ಖರ್ಚು ಮಾಡಿಸಿದೆ ಅನ್ನೋ ಅನುಮಾನ ಇತ್ತು.

ಈಗ ಒಳಗೆ ಏನಾಗುತ್ತೆ ಅಂತ ನೋಡೋಣ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆಯ್ತಲ್ಲ, ಆಗ ನಾನು ದಿನಾ ಮಂಡ್ಯದಿಂದ ಓಡಾಡ್ತಿದ್ದೆ. ಹೊಸ ರೋಡು ಮೇನ್ ಕ್ಯಾರೇಜ್‌ವೇ, ಪಕ್ಕದಲ್ಲಿ ಸರ್ವಿಸ್ ರೋಡು, ಊರೊಳಗೆ ಹೋಗೋ ಹಳೇ ರೋಡು ಹಂಗೇ ಇತ್ತು. ಬೋರ್ಡ್ ಸರಿಯಾಗಿ ಇಲ್ಲದ ಜಾಗದಲ್ಲಿ ಮಂಡ್ಯಕ್ಕೆ ಇಳೀಬೇಕಾದೋರು ಇಳಿಯೋ ಜಾಗ ತಪ್ಪಿಸ್ಕೊಂಡು ಮುಂದಕ್ಕೆ ಹೋಗ್ಬಿಡೋರು. ಆಮೇಲೆ ಆಗಸ್ಟ್ 1ರಿಂದ ಬೈಕು ಆಟೋಗಳನ್ನ ಮೇನ್ ರೋಡಿಂದ ಹೊರಗೆ ಹಾಕಿದ್ರು. ಎರಡು ಮೇಲ್ ಸರ್ವರ್ ಒಟ್ಟಿಗಿದ್ದಾಗ ಆಗೋದೂ ಇದೇ ಮೂರು ಸಂಗತಿ: ಬೋರ್ಡು ಎಲ್ಲಿಗೆ ತೋರಿಸ್ತಿದೆ, ಯಾವ ಗಾಡಿ ಯಾವ ರೋಡಲ್ಲಿ, ಮತ್ತೆ ಹೊಸ ರೋಡಿಗೆ ಹತ್ತೋಕೆ ಬಿಡದಿರೋ ಗಾಡಿಗಳ ಗತಿ ಏನು.

ಬೋರ್ಡಿನ ಕಥೆ ಮೊದಲು. ಔಟ್‌ಲುಕ್ ಓಪನ್ ಮಾಡಿದ ತಕ್ಷಣ ಅದು ತನ್ನ ಮೇಲ್‌ಬಾಕ್ಸ್ ಎಲ್ಲಿದೆ ಅಂತ ಆಕ್ಟಿವ್ ಡೈರೆಕ್ಟರಿನ, ಅಂದ್ರೆ ಕಂಪನಿಯ ಬಳಕೆದಾರರು ಮತ್ತೆ ಸರ್ವರ್‌ಗಳ ದಾಖಲೆ ಪುಸ್ತಕಾನ, ಕೇಳುತ್ತೆ. ಅಲ್ಲಿ ಸರ್ವಿಸ್ ಕನೆಕ್ಷನ್ ಪಾಯಿಂಟ್ ಅಂತ ಒಂದು ನಮೂದು ಇರುತ್ತೆ, ಮೇಲ್‌ಬಾಕ್ಸ್ ಹುಡುಕಿಕೊಡೋ ಆಟೋಡಿಸ್ಕವರ್ ಸೇವೆಯ ವಿಳಾಸ ಅದರಲ್ಲಿರುತ್ತೆ. ಹೊಸ ಸರ್ವರ್ ಇನ್‌ಸ್ಟಾಲ್ ಆಗ್ತಿದ್ದಂಗೇ, ಯಾರನ್ನೂ ಕೇಳದೆ, ತನ್ನ ಹೆಸರಲ್ಲಿ ಒಂದು ಬೋರ್ಡ್ ನೆಟ್ಟುಬಿಡುತ್ತೆ. ಒಂದೂ ಮೇಲ್‌ಬಾಕ್ಸ್ ಇಲ್ಲ ಅದರಲ್ಲಿ, ತಾನು ಅಸಲಿ ಸರ್ವರ್ ಅಂತ ತೋರಿಸೋ ಸರ್ಟಿಫಿಕೇಟ್ ಕೂಡ ತಾನೇ ಬರ್ಕೊಂಡಿದ್ದು, ಬೇರೆ ಯಾರೂ ನಂಬದಂಥದ್ದು. ಆದ್ರೂ ಆಫೀಸಿನ ಔಟ್‌ಲುಕ್‌ಗಳು ಹೊಸ ಬೋರ್ಡ್ ನೋಡಿ ಅಲ್ಲಿಗೆ ಹೋಗಿ ಬಾಗಿಲು ತಟ್ತವೆ, ಸರ್ಟಿಫಿಕೇಟ್ ನಂಬೋಕಾಗಲ್ಲ ಅಂತ ವಾರ್ನಿಂಗ್ ಬರುತ್ತೆ, ಅಕೌಂಟ್ಸ್‌ನಿಂದ ಫೋನ್ ಬರುತ್ತೆ, ಡಿಸ್ಪ್ಯಾಚ್‌ನಿಂದ ಬರುತ್ತೆ, ಆಮೇಲೆ ನೇರವಾಗಿ ಎಂಡಿ ಪಿಎಯಿಂದ ಬರುತ್ತೆ. ನಾನು ಇನ್‌ಸ್ಟಾಲ್ ಮಾಡಿದ್ದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, "ಸುಮ್ನೆ ಇನ್‌ಸ್ಟಾಲ್ ಮಾಡಿಡೋಣ, ಕನೆಕ್ಟ್ ಆಮೇಲೆ ಮಾಡೋಣ" ಅಂತ. ಈ ತಪ್ಪನ್ನ ಪುಸ್ತಕದಲ್ಲಿ ಓದಿದ್ದೆ, ಬೇರೆಯವರಿಗೆ ಹೇಳಿಯೂ ಇದ್ದೆ. ಮಾಡೋ ಸರಿಯಾದ ಕ್ರಮ ಅಂದ್ರೆ ಆಫೀಸ್ ಟೈಮ್ ಬಿಟ್ಟು ಇನ್‌ಸ್ಟಾಲ್ ಮಾಡೋದು, ಮುಗಿದ ನಿಮಿಷದಲ್ಲೇ ಆ ಬೋರ್ಡಿನ ವಿಳಾಸ ಹಳೇ ಹೆಸರಿಗೆ ತಿರುಗಿಸೋದು, ಸರಿಯಾದ ಸರ್ಟಿಫಿಕೇಟ್ ಹಾಕೋದು. ಐದು ನಿಮಿಷದ ಕೆಲಸ. ಅದನ್ನ ಮಾಡದೆ ಇದ್ದಿದ್ದಕ್ಕೆ ಆವತ್ತು ಮಧ್ಯಾಹ್ನ ಊಟ ಇಲ್ಲ.

ಎರಡನೇದು ಹೆಸರು. ಬಳಸೋರಿಗೆ ಗೊತ್ತಿರೋದು ಒಂದೇ ವಿಳಾಸ, ಮೇಲ್ ಡಾಟ್ ನಮ್ಮ ಕಂಪನಿ. ಆ ಹೆಸರು ಹಳೇದಕ್ಕೆ ತೋರಿಸ್ಬೇಕಾ ಹೊಸದಕ್ಕಾ? ಹಿಂದಿನ ಕಾಲದಲ್ಲಿ, 2003ರಿಂದ 2010ಕ್ಕೆ ಹೋಗೋವಾಗ, ಹಳೇ ಸರ್ವರ್‌ಗೆ ಅಂತಾನೇ ಲೆಗಸಿ ಅಂತ ಇನ್ನೊಂದು ಹೆಸರು, ಇನ್ನೊಂದು ಸರ್ಟಿಫಿಕೇಟ್, ಫೈರ್‌ವಾಲ್‌ನಲ್ಲಿ ಇನ್ನೊಂದು ತೂತು ಬೇಕಿತ್ತು. 2013ರ ನಂತರ ಸುಧಾರಿಸ್ತು. 2016 ಮತ್ತೆ ಎಸ್‌ಇ ನಡುವೆ ಇದು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತೆ, ಮುಂಬಾಗಿಲಿಗೆ ಯಾರು ಬಂದ್ರೂ ಅಲ್ಲಿರೋ ರಿಸೆಪ್ಶನಿಸ್ಟು "ನಿಮ್ಮ ಮೇಲ್‌ಬಾಕ್ಸ್ ಆ ಕಡೆ ಇದೆ" ಅಂತ ಒಳಗಿಂದಾನೇ ತಲುಪಿಸಿಬಿಡುತ್ತೆ, ಹಳೇದಕ್ಕೆ ಬಂದೋರನ್ನ ಹೊಸದಕ್ಕೆ, ಹೊಸದಕ್ಕೆ ಬಂದೋರನ್ನ ಹಳೇದಕ್ಕೆ. ಬಳಸೋರಿಗೆ ಗೊತ್ತೇ ಆಗಲ್ಲ. ಇದು ಒಳ್ಳೇ ಇಂಜಿನಿಯರಿಂಗು, ಹೊಗಳ್ಲೇಬೇಕು. ಆದ್ರೆ ಇಷ್ಟು ಚೆನ್ನಾಗಿ ಕೆಲಸ ಮಾಡೋದ್ರಿಂದಾನೇ ಯಾರಿಗೂ ಅರ್ಜೆಂಟ್ ಅನ್ಸಲ್ಲ. ಲೆಗಸಿ ಹೆಸರಿನ ಕಾಲದಲ್ಲಿ ಜನ ಬೈಯೋರು, ಆ ಬೈಗುಳಕ್ಕೆ ಹೆದರಿ ಬೇಗ ಮುಗಿಸ್ತಿದ್ವಿ.

ಮೇಲ್‌ಬಾಕ್ಸ್ ಸಾಗಿಸೋದು ನೋಡೋಕೆ ಸುಲಭ. ರಾತ್ರಿ ಮೂವ್ ರಿಕ್ವೆಸ್ಟ್ ಹಾಕ್ತೀರ, ಅದು ಹಿಂದಿನಿಂದ ಕಾಪಿ ಮಾಡ್ಕೊಂಡು ಹೋಗುತ್ತೆ, ಜನ ಅಷ್ಟೊತ್ತಿಗೂ ಮೇಲ್ ನೋಡ್ತಾನೇ ಇರಬಹುದು, ಕೊನೇ ಹಂತದಲ್ಲಿ ಮಾತ್ರ ಒಂದು ಕ್ಷಣ ಬೀಗ ಹಾಕಿ ಆ ಕಡೆ ತೆರೆಯುತ್ತೆ, ಅಡ್ಮಿನಿಸ್ಟ್ರೇಟರ್ ಏನೋ ಬದಲಾವಣೆ ಮಾಡಿದ್ದಾರೆ ಔಟ್‌ಲುಕ್ ಮುಚ್ಚಿ ತೆಗೀರಿ ಅಂತ ಒಂದು ಮೆಸೇಜ್ ಬರುತ್ತೆ, ಅಷ್ಟೆ. ಕಷ್ಟ ಇರೋದು ಡಿಸ್ಕಲ್ಲಿ. ಸಾಗಿಸಿದ ಪ್ರತಿ ಜಿಬಿಗೂ ಹೊಸ ಸರ್ವರ್‌ನಲ್ಲಿ ಟ್ರಾನ್ಸಾಕ್ಷನ್ ಲಾಗ್, ಅಂದ್ರೆ ಪ್ರತಿ ಬದಲಾವಣೆ ಬರ್ಕೊಳ್ಳೋ ಫೈಲು, ಬೆಳೀತಾ ಹೋಗುತ್ತೆ, ಬ್ಯಾಕಪ್ ಆದ್ರೇನೇ ಆ ಲಾಗ್ ಖಾಲಿ ಆಗೋದು. ನಂಜನಗೂಡಲ್ಲಿರೋ ಗೆಳೆಯ ಒಬ್ಬ ಒಂದೇ ವೀಕೆಂಡಲ್ಲಿ ಮುಗಿಸ್ತೀನಿ ಅಂತ ಎಲ್ಲ ಮೇಲ್‌ಬಾಕ್ಸೂ ಒಟ್ಟಿಗೆ ಬಿಟ್ಟ, ಭಾನುವಾರ ಬೆಳಗಿನ ಜಾವ ಲಾಗ್ ಡ್ರೈವ್ ತುಂಬಿ ಡೇಟಾಬೇಸ್ ಡಿಸ್‌ಮೌಂಟ್ ಆಗಿ ಮೇಲ್ ನಿಂತೋಯ್ತು, ಅವನು ಎದ್ದಿದ್ದು ಒಂಬತ್ತಕ್ಕೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ತೆಗೀಬೇಕು. "ಎರಡು ಸರ್ವರ್ ಇದೆ ತಾನೆ, ಒಂದು ಬಿದ್ರೆ ಇನ್ನೊಂದು ಇರುತ್ತಲ್ಲ" ಅಂತಾರೆ, ಓದಿದೋರೂ ಅಂತಾರೆ. ಇಲ್ಲ. ಒಂದು ಮೇಲ್‌ಬಾಕ್ಸ್ ಒಂದು ಕಡೆ ಮಾತ್ರ ಇರುತ್ತೆ. ಡೇಟಾಬೇಸಿನ ನಕಲು ಇನ್ನೊಂದು ಸರ್ವರ್‌ನಲ್ಲಿ ಇಡೋ ವ್ಯವಸ್ಥೆ, ಡ್ಯಾಗ್ ಅಂತೀವಿ, ಅದರಲ್ಲಿ ಎಲ್ಲ ಸರ್ವರ್‌ಗಳೂ ಒಂದೇ ವರ್ಷನ್ ಆಗಿರ್ಬೇಕು. 2016ರದ್ದು ಬಿದ್ರೆ ಅದರಲ್ಲಿದ್ದೋರು ಬಿದ್ರು, ಹೊಸದು ಬಿದ್ರೆ ಹೊಸದ್ರಲ್ಲಿದ್ದೋರು. ಒಂದರ ಬದಲು ಎರಡು ಕಡೆ ಬೀಳೋ ಸಾಧ್ಯತೆ ಆಯ್ತು ಅಷ್ಟೆ. ಇನ್ನೂ ತಮಾಷೆ ಅಂದ್ರೆ ಕೆಲವು ಸಲ ಎರಡೂ ಒಂದೇ ಕಾರಣಕ್ಕೆ ಬೀಳ್ತವೆ. 2022ರ ಜನವರಿ 1 ನೆನಪಿದೆಯಾ? ವೈರಸ್ ಸ್ಕ್ಯಾನ್ ಎಂಜಿನ್ನಿನ ಅಪ್ಡೇಟ್ ನಂಬರನ್ನ ತಾರೀಖಿನ ಲೆಕ್ಕದಲ್ಲಿ ಇಡ್ತಿದ್ರು, ಹೊಸ ವರ್ಷದ ನಂಬರು 2201010001 ಆಯ್ತು, ಅದನ್ನ ಇಟ್ಟಿದ್ದ ಜಾಗದಲ್ಲಿ ಹಿಡಿಸೋ ಗರಿಷ್ಠ ಸಂಖ್ಯೆ 2147483647. ಎಂಜಿನ್ ಕುಸೀತು, ಮೇಲ್‌ಗಳು ಕ್ಯೂನಲ್ಲೇ ನಿಂತ್ಕೊಂಡ್ವು, 2016ರಲ್ಲೂ 2019ರಲ್ಲೂ. ಒಟ್ಟಿಗೆ ಇಟ್ಕೊಂಡಿದ್ದೋರಿಗೆ ಹ್ಯಾಪಿ ನ್ಯೂ ಇಯರ್ ಎರಡು ಸಲ.

ಈಗ ಮೂರನೇದು, ಹೊಸ ರೋಡಿಗೆ ಹತ್ತೋಕೆ ಬಿಡದಿರೋ ಗಾಡಿಗಳು. ಇದಕ್ಕೇ ನಮ್ಮ ಕೋಎಕ್ಸಿಸ್ಟೆನ್ಸ್ ಏಳು ತಿಂಗಳಾಗಿರೋದು, ಮತ್ತೆ ಇದರ ಬಗ್ಗೆ ಯಾವ ಟ್ರೈನಿಂಗಲ್ಲೂ ಸರಿಯಾಗಿ ಹೇಳಲ್ಲ. ಮನುಷ್ಯರ ಮೇಲ್‌ಬಾಕ್ಸ್ ಸಾಗಿಸೋದು ನವೆಂಬರ್ ಹೊತ್ತಿಗೆ ಮುಗಿದಿತ್ತು, 340 ಚಿಲ್ಲರೆ. ಉಳಿದಿದ್ದು ಮಷೀನುಗಳು. ಫ್ಯಾಕ್ಟರಿ ಅಂದ್ಮೇಲೆ ಮೇಲ್ ಕಳಿಸೋ ಯಂತ್ರಗಳು ಎಷ್ಟಿರ್ತವೆ ಗೊತ್ತಾ? ಮೂರು ಮಹಡಿಯಲ್ಲಿ ಸ್ಕ್ಯಾನರ್ರು, ಸ್ಕ್ಯಾನ್ ಟು ಮೇಲ್. ಯುಪಿಎಸ್ಸು, ಬ್ಯಾಟರಿ ಇಳಿದ್ರೆ ಮೇಲ್ ಹಾಕುತ್ತೆ. ಡೀಸೆಲ್ ಜನರೇಟರ್ ಪ್ಯಾನೆಲ್ಲು. ಅಟೆಂಡೆನ್ಸ್ ಬಯೋಮೆಟ್ರಿಕ್ ಸಾಫ್ಟ್‌ವೇರು. ಖರೀದಿ ಲೆಕ್ಕ ಎಲ್ಲ ನೋಡ್ಕೊಳ್ಳೋ ಇಆರ್‌ಪಿ ಸಾಫ್ಟ್‌ವೇರಿಂದ ವೆಂಡರ್‌ಗಳಿಗೆ ಹೋಗೋ ಪರ್ಚೇಸ್ ಆರ್ಡರ್ರು. ಕೋಲ್ಡ್ ರೂಮ್ ಟೆಂಪರೇಚರ್ ಅಲಾರಂ. ಗೇಟ್ ಹತ್ರ ಇರೋ ವೇಬ್ರಿಜ್, ಲಾರಿ ತೂಕ ಆದ ತಕ್ಷಣ ಸ್ಲಿಪ್ಪಿನ ಕಾಪಿ ಸ್ಟೋರ್ಸ್‌ಗೆ ಮೇಲ್ ಮಾಡುತ್ತೆ. ಇವುಗಳಲ್ಲಿ ಮುಕ್ಕಾಲು ಪಾಲಕ್ಕೆ ಸರ್ವರ್ ಹೆಸರು ಕೊಟ್ಟಿಲ್ಲ, ಹಳೇ ಸರ್ವರ್‌ನ ಐಪಿ ಅಡ್ರೆಸ್, ಅಂದ್ರೆ ನೆಟ್‌ವರ್ಕಲ್ಲಿ ಅದರ ನಂಬರು, ಕೆತ್ತಿಟ್ಟಿದ್ದಾರೆ. ಯಾರು ಕೆತ್ತಿದ್ರು, ಯಾವಾಗ, ಪಾಸ್‌ವರ್ಡ್ ಏನು, ಯಾರಿಗೂ ಗೊತ್ತಿಲ್ಲ, ಹಾಕಿದೋರು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ವರ್ಷಗಳಾದ್ವು.

ಹಳೇದ್ರಲ್ಲಿ ಇವಕ್ಕೆಲ್ಲ ಅಂತ ಒಂದು ರಿಸೀವ್ ಕನೆಕ್ಟರ್ ಮಾಡಿರ್ತೀವಿ, ಈ ಐಪಿಗಳಿಂದ ಬಂದ್ರೆ ಪಾಸ್‌ವರ್ಡ್ ಕೇಳಬೇಡ, ಹೊರಗೂ ಕಳಿಸು ಅಂತ. ಹೊಸ ಸರ್ವರ್ ಹಾಕಿದಾಗ ಆ ಕನೆಕ್ಟರ್ ತಾನಾಗೇ ಬರಲ್ಲ, ನಾವೇ ಮತ್ತೆ ಕಟ್ಟಬೇಕು. ಕಟ್ಟಿದ್ವಿ ಅನ್ನಿ. ಆಗ ಇನ್ನೊಂದು ಶುರು. ಎರಡು ಯಂತ್ರಗಳ ಮಾತು ಗುಟ್ಟಾಗಿಡೋ ಎನ್‌ಕ್ರಿಪ್ಶನ್ ಪದ್ಧತಿಗೆ ಟಿಎಲ್‌ಎಸ್ ಅಂತಾರೆ, 2019ರಿಂದ ಈಚೆಗಿನ ಎಕ್ಸ್‌ಚೇಂಜ್ ಡಿಫಾಲ್ಟ್ ಆಗಿ ಟಿಎಲ್‌ಎಸ್ 1.2ಕ್ಕಿಂತ ಹಳೇದನ್ನ ಮಾತಾಡಲ್ಲ. ಹತ್ತು ಹನ್ನೆರಡು ವರ್ಷದ ಸ್ಕ್ಯಾನರ್‌ಗೆ ಗೊತ್ತಿರೋದು ಟಿಎಲ್‌ಎಸ್ 1.0. ಸರ್ವರ್ "ಬಾ, ಗುಟ್ಟಾಗಿ ಮಾತಾಡೋಣ" ಅನ್ನುತ್ತೆ, ಸ್ಕ್ಯಾನರ್ ತನ್ನ ಹಳೇ ಭಾಷೇಲಿ ಶುರು ಮಾಡುತ್ತೆ, ಮಾತು ಮುರಿಯುತ್ತೆ, ಸ್ಕ್ಯಾನರ್ ಪರದೆ ಮೇಲೆ ಬರೀ "ಸೆಂಡ್ ಫೇಲ್ಡ್". ವಿಚಿತ್ರ ಏನಂದ್ರೆ ಎನ್‌ಕ್ರಿಪ್ಶನ್ ಅನ್ನೋ ಪದಾನೇ ಕೇಳದಿರೋ ಅದಕ್ಕಿಂತ ಹಳೇ ಯಂತ್ರ ಆರಾಮಾಗಿ ಕಳಿಸ್ತಿರುತ್ತೆ, ಅರ್ಧಂಬರ್ಧ ಗೊತ್ತಿರೋದೇ ಸಿಕ್ಕಾಕೊಳ್ಳೋದು.

ಒಂದೊಂದನ್ನೂ ಹುಡುಕಿದ್ದು ಹೀಗೆ: ಹಳೇ ಸರ್ವರ್‌ನಲ್ಲಿ ಪ್ರೋಟೋಕಾಲ್ ಲಾಗಿಂಗ್ ಆನ್ ಮಾಡಿ, ಒಂದು ತಿಂಗಳು ಬಿಟ್ಟು, ಯಾವ್ಯಾವ ಐಪಿ ಬಂದು ಹೋಗುತ್ತೆ ಅಂತ ಪಟ್ಟಿ ಮಾಡ್ಕೊಂಡು, ಆ ಐಪಿ ಯಾವ ಬಿಲ್ಡಿಂಗಿನ ಯಾವ ಮೂಲೇಲಿದೆ ಅಂತ ಕೇಬಲ್ ಹಿಡ್ಕೊಂಡು ಅಲೆದಿದ್ದು. ಒಂದು ತಿಂಗಳು ಯಾಕೆ ಅಂದ್ರೆ ಕೆಲವು ತಿಂಗಳಿಗೊಂದೇ ಮೇಲ್ ಕಳಿಸ್ತವೆ, ಪಿಎಫ್ ರಿಪೋರ್ಟ್ ಥರ. ಒಂದು ಮೂರು ತಿಂಗಳಿಗೊಂದು ಸಲ ಕಳಿಸ್ತಿತ್ತು, ಅದು ಸಿಕ್ಕಿದ್ದು ಜನವರೀಲಿ. ಕ್ಲೌಡ್‌ಗೆ ಹೋದ್ರೂ ಈ ಕೆಲಸ ತಪ್ಪಲ್ಲ, ಹೇಳ್ಬಿಡ್ತೀನಿ. ಸೇಲ್ಸ್‌ನೋರು ಬಂದು "ಮೇಲ್‌ಬಾಕ್ಸ್ ಮೈಗ್ರೇಶನ್ ಎರಡು ವಾರ" ಅಂತ ಸ್ಲೈಡ್ ತೋರಿಸ್ತಾರಲ್ಲ, ಆ ಸ್ಲೈಡಲ್ಲಿ ವೇಬ್ರಿಜ್ ಇರಲ್ಲ.

ಸರಿ, ಕೆಲವು ಯಂತ್ರಕ್ಕೋಸ್ಕರ ಹಳೇದೊಂದು ಮೂಲೇಲಿ ಬಿದ್ದಿದ್ರೆ ಏನಾಗುತ್ತೆ ಅಂತ ಕೇಳ್ತಾರೆ. ಇಲ್ಲೇ ನನ್ನ ಮುಖ್ಯ ತಕರಾರು. ಮೂಲೇಲಿ ಬಿದ್ದಿರೋ ಹಳೇ ಸರ್ವರ್ ಅಂದ್ರೆ ಹಿತ್ತಲಲ್ಲಿ ಬಿದ್ದಿರೋ ಹಳೇ ಟಿವಿ ಅಲ್ಲ. ಆಕ್ಟಿವ್ ಡೈರೆಕ್ಟರಿ ಕಣ್ಣಿಗೆ ಎರಡೂ ಎಕ್ಸ್‌ಚೇಂಜ್ ಸರ್ವರ್‌ಗಳೇ, ಎರಡೂ ಒಂದೇ ಟ್ರಸ್ಟೆಡ್ ಗುಂಪಿನ ಸದಸ್ಯರು, ಎರಡರ ಕೈಲೂ ಒಂದೇ ಬೀಗದ ಗೊಂಚಲು. ಹೊಸ ಸರ್ವರ್‌ಗೆ ಎಷ್ಟೇ ಪ್ಯಾಚ್ ಹಾಕಿ, ಹಳೇದಕ್ಕೆ ನುಗ್ಗಿದೋನು ಆ ಗೊಂಚಲು ಎತ್ಕೊಂಡು ಇಡೀ ಮನೆ ಓಡಾಡ್ತಾನೆ. ಒಟ್ಟಿಗಿರೋ ಅಷ್ಟು ದಿನ ನಿಮ್ಮ ಆರ್ಗನೈಸೇಶನ್ನಿನ ಭದ್ರತೆ ಅಂದ್ರೆ ಹಳೇ ಸರ್ವರ್‌ನ ಭದ್ರತೆ. ಹೊಸದಕ್ಕೆ ಕೊಟ್ಟ ದುಡ್ಡು ಆ ವಿಷಯದಲ್ಲಿ ಇನ್ನೂ ಕೆಲಸಕ್ಕೇ ಬಂದಿಲ್ಲ.

2021ರ ಮಾರ್ಚ್ 2ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ 2013, 2016, 2019ಕ್ಕೆ ತುರ್ತು ಪ್ಯಾಚ್ ಬಿಟ್ಟಿತ್ತು, ಪ್ರಾಕ್ಸಿಲಾಗಾನ್ ಅಂತ ಹೆಸರಾಗಿದ್ದು ಅದು. ಬರೀ ವೆಬ್ ಪೋರ್ಟ್ ತೆರೆದಿದ್ರೆ ಸಾಕು, ಪಾಸ್‌ವರ್ಡೇ ಬೇಡ, ಒಳಗೆ ಬಂದು ವೆಬ್‌ಶೆಲ್ ಅನ್ನೋ ಕಳ್ಳಗಿಂಡಿ ಕೊರೆದು ಹೋಗ್ತಿದ್ರು. ಪ್ಯಾಚ್ ಹಾಕಿದ ಮೇಲೂ ಆ ಗಿಂಡಿ ಹಾಗೇ ಇರ್ತಿತ್ತು, ಅಮೆರಿಕದಲ್ಲಿ ಕೊನೆಗೆ ಎಫ್‌ಬಿಐ ಕೋರ್ಟ್ ಅನುಮತಿ ತಗೊಂಡು ಬೇರೆಯವರ ಸರ್ವರ್‌ಗಳಿಂದ ಅವನ್ನ ಅಳಿಸ್ಬೇಕಾಯ್ತು. ಆಗ ಪ್ಯಾಚ್ ಆದ್ರೂ ಬಂತು. ಈಗ 2016ಕ್ಕೆ ಅಂಥದ್ದೊಂದು ಬಂದ್ರೆ ಪ್ಯಾಚ್ ಸಿಗೋದು ದುಡ್ಡು ಕೊಟ್ಟು ಎಕ್ಸ್‌ಟೆಂಡೆಡ್ ಸೆಕ್ಯೂರಿಟಿ ಅಪ್ಡೇಟ್ ತಗೊಂಡಿರೋರಿಗೆ ಮಾತ್ರ, ಅದನ್ನೂ ಮೊದಲು ಘೋಷಿಸಿದ್ದು ಆರೇ ತಿಂಗಳಿಗೆ, 2026ರ ಏಪ್ರಿಲ್ 14ರವರೆಗೆ.

ಅರ್ಧ ಕ್ಲೌಡು ಅರ್ಧ ಆಫೀಸು ಅಂತ ಹೈಬ್ರಿಡ್ ಇಟ್ಕೊಂಡಿರೋರದ್ದು ಇನ್ನೊಂದು ಮೆಟ್ಟಿಲು ಮೇಲೆ. 2025ರ ಆಗಸ್ಟ್‌ನಲ್ಲಿ ಸಿವಿಇ-2025-53786 ಅಂತ ಒಂದು ದೋಷ ಹೊರಬಿತ್ತು. ಆಫೀಸಿನ ಎಕ್ಸ್‌ಚೇಂಜೂ ಕ್ಲೌಡಿನ ಎಕ್ಸ್‌ಚೇಂಜೂ ಒಂದೇ ಗುರುತಿನ ಚೀಟಿ ಹಂಚ್ಕೊಂಡಿದ್ವು, ಹಂಗಾಗಿ ಆಫೀಸಿನದ್ರಲ್ಲಿ ಅಡ್ಮಿನ್ ಹಿಡಿತ ಸಿಕ್ಕಿದೋನು ಅಲ್ಲಿಂದ ಕ್ಲೌಡಿಗೂ ಏರಬಹುದಿತ್ತು, ಗುರುತು ಹೆಚ್ಚು ಬಿಡದೆ. ಅಮೆರಿಕದ ಸೈಬರ್ ಏಜೆನ್ಸಿ ಸಿಸಾ ಅಲ್ಲಿನ ಸರ್ಕಾರಿ ಕಚೇರಿಗಳಿಗೆ ದಿನಗಳ ಲೆಕ್ಕದಲ್ಲಿ ಗಡುವು ಕೊಟ್ಟು ಆದೇಶ ಹೊರಡಿಸ್ತು. "ಮೇಲ್ ಎಲ್ಲ ಕ್ಲೌಡಲ್ಲಿದೆ ಸಾರ್, ಇದು ಬರೀ ಅಡ್ಮಿನ್ ಕೆಲಸಕ್ಕೆ ಇಟ್ಟಿರೋದು" ಅಂತ ಒಂದೇ ಒಂದು ಹಳೇ ಸರ್ವರ್ ಇಟ್ಕೊಂಡಿರೋ ಕಂಪನಿಗಳು ನಮ್ಮೂರಲ್ಲೂ ಇವೆ. 2022ರ ಏಪ್ರಿಲ್‌ನಲ್ಲಿ 2019ರ ಸಿಯು12 ಬಂದ್ಮೇಲೆ ಆ ಕೊನೇ ಸರ್ವರ್ ಆಫ್ ಮಾಡಿ ಬರೀ ಮ್ಯಾನೇಜ್‌ಮೆಂಟ್ ಟೂಲ್ಸ್‌ನಲ್ಲಿ ಕೆಲಸ ನಡೆಸೋ ದಾರಿ ಬಂತು. ತುಂಬಾ ಜನಕ್ಕೆ ಅದು ಗೊತ್ತಿಲ್ಲ, ಗೊತ್ತಿದ್ರೂ ಮುಟ್ಟೋಕೆ ಭಯ.

ಮೈಕ್ರೋಸಾಫ್ಟ್ ಕೂಡ ಈಗ ಕತ್ತು ಹಿಡಿದು ತಳ್ತಿದೆ. ಸಪೋರ್ಟ್ ಮುಗಿದ ಅಥವಾ ಪ್ಯಾಚ್ ಇಲ್ಲದ ಸರ್ವರ್‌ನಿಂದ ಹೈಬ್ರಿಡ್ ಕನೆಕ್ಟರ್ ಮೂಲಕ ಕ್ಲೌಡಿಗೆ ಬರೋ ಮೇಲನ್ನ ಮೊದಲು ನಿಧಾನ ಮಾಡೋದು, ಆಮೇಲೆ ಪೂರ್ತಿ ತಡೆಯೋದು ಅಂತ 2023ರಲ್ಲಿ ಶುರು ಮಾಡ್ತು, ಮೊದ್ಲು ಎಕ್ಸ್‌ಚೇಂಜ್ 2007ರ ಸರ್ವರ್‌ಗಳಿಂದ. ಇನ್ನೊಂದು ಕಡೆ ಸೆಟಪ್ಪಲ್ಲೇ ಬೇಲಿ. 2019ರ ಸಿಯು15 ಹಾಕೋಕೆ ಹೋದ್ರೆ, ಎಲ್ಲೋ ಒಂದು ಮೂಲೇಲಿ 2013 ಉಸಿರಾಡ್ತಿದ್ರೂ ಸೆಟಪ್ ಮುಂದಕ್ಕೆ ಹೋಗಲ್ಲ. ಎಸ್‌ಇಯಲ್ಲೂ ಮುಂದೆ ಬರೋ ಒಂದು ಅಪ್ಡೇಟ್‌ನಲ್ಲಿ 2016 ಮತ್ತೆ 2019ನ ಹಂಗೇ ಹೊರಗಿಡ್ತೀವಿ ಅಂದಿದ್ದಾರೆ. ಇದರ ಅರ್ಥ ಏನು ನೋಡಿ: ಹಳೇದು ಇರೋವರೆಗೂ ಹೊಸದಕ್ಕೂ ಅಪ್ಡೇಟ್ ಹಾಕೋಕಾಗದ ದಿನ ಬರುತ್ತೆ. ಹಳೇದು ತಾನು ಮಾತ್ರ ಹಳೇದಾಗಲ್ಲ, ಪಕ್ಕದಲ್ಲಿರೋದನ್ನೂ ಹಳೇದು ಮಾಡುತ್ತೆ. ಕೆಲವರು ಇದನ್ನ ದಬ್ಬಾಳಿಕೆ, ಸಬ್‌ಸ್ಕ್ರಿಪ್ಶನ್ ಮಾರೋ ತಂತ್ರ ಅಂತಾರೆ. ಲೈಸೆನ್ಸ್ ವಿಷಯದಲ್ಲಿ ನನಗೂ ಸಿಟ್ಟಿದೆ, ಒಂದ್ಸಲ ಕೊಂಡ್ಕೊಂಡು ಹತ್ತು ವರ್ಷ ಓಡಿಸೋ ಕಾಲ ಹೋಯ್ತು, ನಮ್ಮಂಥ ಮಧ್ಯಮ ಗಾತ್ರದ ಕಾರ್ಖಾನೆಗೆ ಅದು ವರ್ಷಾ ವರ್ಷ ಕಟ್ಟೋ ಕಂದಾಯ. ಆದ್ರೆ ಬೇಲಿ ಹಾಕಿದ್ದು ಸರಿ ಅಂತಾನೇ ಹೇಳ್ತೀನಿ, ಯಾಕಂದ್ರೆ ಬೇಲಿ ಇಲ್ದಿದ್ರೆ ನಾವು ಕದಲೋ ಜನ ಅಲ್ಲ.

ಚಾಟ್ ಕಡೆ ಇನ್ನೂ ಗೊಂದಲ, ಯಾಕಂದ್ರೆ ಮೇಲ್ ಆದ್ರೆ ಕ್ಯೂನಲ್ಲಿ ಕಾಯುತ್ತೆ, ಚಾಟ್ ಕಾಯಲ್ಲ. ಲಿಂಕ್ (Lync) ಅನ್ನೋ ಮೈಕ್ರೋಸಾಫ್ಟ್‌ನ ಹಳೇ ಚಾಟ್ ಸಾಫ್ಟ್‌ವೇರ್‌ನಿಂದ ಸ್ಕೈಪ್ ಫಾರ್ ಬಿಸಿನೆಸ್‌ಗೆ ಹೋಗೋವಾಗ ಹಳೇ ಪೂಲ್ (ಸರ್ವರ್‌ಗಳ ಗುಂಪು) ಒಂದು ಹೊಸ ಪೂಲ್ ಒಂದು, ಅಷ್ಟಕ್ಕೆ ಅವಕಾಶ, ಮೂರು ತಲೆಮಾರು ಒಂದೇ ಸೂರಿನಡಿ ಇರೋಕೆ ಬಿಡ್ತಿರ್ಲಿಲ್ಲ, ಅದೇ ಒಳ್ಳೇದಾಯ್ತು. ಆಮೇಲೆ ಮೈಕ್ರೋಸಾಫ್ಟ್‌ನ ಮುಂದಿನ ಚಾಟ್, ಟೀಮ್ಸ್, ಬಂತು. ಸ್ಕೈಪ್ ಫಾರ್ ಬಿಸಿನೆಸ್ ಆನ್‌ಲೈನ್ 2021ರ ಜುಲೈ 31ಕ್ಕೆ ಮುಚ್ಚೋವರೆಗೂ ಎರಡನ್ನೂ ಒಟ್ಟಿಗೆ ಓಡಿಸೋಕೆ ಐಲ್ಯಾಂಡ್ಸ್ ಅಂತ ಒಂದು ಮೋಡ್ ಇತ್ತು, ಹೆಸರೇ ದ್ವೀಪಗಳು. ಟೀಮ್ಸ್‌ನಲ್ಲಿ ಕಳಿಸಿದ್ದು ಟೀಮ್ಸ್‌ಗೇ ಹೋಗುತ್ತೆ, ಸ್ಕೈಪಲ್ಲಿ ಕಳಿಸಿದ್ದು ಸ್ಕೈಪ್‌ಗೇ. ಒಬ್ಬ ಪ್ಲಾನಿಂಗ್ ಇಂಜಿನಿಯರ್ ಟೀಮ್ಸ್‌ನಲ್ಲಿ "ಲೈನ್ 3 ನಿಲ್ಸಿ" ಅಂತ ಹಾಕ್ತಾನೆ, ಶಿಫ್ಟ್ ಇನ್‌ಚಾರ್ಜ್ ಸ್ಕೈಪ್ ಮಾತ್ರ ತೆರೆದಿಟ್ಕೊಂಡು ಕೂತಿರ್ತಾನೆ. ಸಿಸ್ಟಮ್ ಪ್ರಕಾರ ಮೆಸೇಜ್ ಡೆಲಿವರ್ಡ್. ಇದಕ್ಕೆ ಜನ ಕಂಡ್ಕೊಂಡ ಪರಿಹಾರ ಏನು ಅಂತ ಎಲ್ಲರಿಗೂ ಗೊತ್ತು: ವಾಟ್ಸಾಪ್ ಗ್ರೂಪ್. ಫ್ಯಾಕ್ಟರಿಯ ಡ್ರಾಯಿಂಗು, ರೇಟು, ಲಾರಿ ನಂಬರು ಎಲ್ಲ ಅಲ್ಲಿಗೆ ಹೋದ್ವು, ಆಮೇಲೆ ವಾಪಸ್ ಬರ್ಲೇ ಇಲ್ಲ. ಎರಡು ಅಧಿಕೃತ ವ್ಯವಸ್ಥೆ ಒಟ್ಟಿಗೆ ಇಟ್ರೆ ಜನ ಮೂರನೇದನ್ನ ಹುಡ್ಕೋತಾರೆ, ಅದನ್ನ ತಪ್ಪು ಅನ್ನೋಕೂ ಬಾಯಿ ಬರಲ್ಲ.

ಸ್ವಂತ ಸರ್ವರ್‌ನಲ್ಲಿ ಮ್ಯಾಟರ್‌ಮೋಸ್ಟ್, ರಾಕೆಟ್‌ಚಾಟ್ ಥರದ ಓಪನ್ ಸೋರ್ಸ್ ಚಾಟ್ ಸಾಫ್ಟ್‌ವೇರ್ ಓಡಿಸೋರು ಈ ಕಥೆ ಕೇಳಿ ನಗಬಹುದು. ಅವರಲ್ಲಿ ಅಪ್‌ಗ್ರೇಡ್ ಅಂದ್ರೆ ಬ್ಯಾಕಪ್ ತಗೊಂಡು, ಹಳೇದು ನಿಲ್ಸಿ, ಹೊಸದು ಎಬ್ಬಿಸೋದು, ಅರ್ಧ ಗಂಟೆ ಮಾತು ನಿಂತ್ರೆ ನಿಲ್ಲುತ್ತೆ. ಒಂದೇ ಡೇಟಾಬೇಸಿಗೆ ಎರಡು ವರ್ಷನ್ ವಾರಗಟ್ಟಲೆ ಕೂರೋ ಪ್ರಶ್ನೇನೇ ಬರಲ್ಲ. ಚಿಕ್ಕ ಕಂಪನಿಗೆ ಈ ದಾರಿ ವಾಸಿ ಅಂತ ನನಗೆ ಈಚೀಚೆಗೆ ಬಲವಾಗಿ ಅನ್ಸ್ತಿದೆ, ಅರ್ಧ ಗಂಟೆ ನೋವು ಏಳು ತಿಂಗಳ ಎಳೆದಾಟಕ್ಕಿಂತ ಮೇಲು, ಆದ್ರೆ ನಿಲ್ಲಿಸೋಕೆ ಒಪ್ಪಿಗೆ ಕೊಡೋರು ಬೇಕಲ್ಲ.

ಕಾಸಿನ ವಿಷಯ. ಒಟ್ಟಿಗಿರೋ ಕಾಲದ ಖರ್ಚು ಯಾವ ಬಜೆಟ್ ಶೀಟಲ್ಲೂ ಬರಲ್ಲ. ಹೊಸದಕ್ಕೆ 128 ಜಿಬಿ ಮೆಮೊರಿ ಇರ್ಲಿ ಅಂತ ಮೈಕ್ರೋಸಾಫ್ಟೇ ಸಲಹೆ ಕೊಡುತ್ತೆ, ಅದು ಪರ್ಚೇಸ್ ಆರ್ಡರ್‌ನಲ್ಲಿ ಕಾಣುತ್ತೆ. ಹಳೇದರ ಬ್ಯಾಕಪ್ ಲೈಸೆನ್ಸ್ ಮತ್ತೊಂದು ವರ್ಷಕ್ಕೆ ರಿನ್ಯೂ ಆಗಿದ್ದು, ಎಸಿ ಲೋಡು, ಎರಡು ಕಡೆ ಆಂಟಿವೈರಸ್ಸು, ಆಡಿಟ್‌ಗೆ ಬಂದೋರು "ಈ ಸರ್ವರ್ ಯಾಕಿದೆ" ಅಂತ ಬರೆದ ಟಿಪ್ಪಣಿಗೆ ಉತ್ತರ ಬರೆಯೋಕೆ ಹೋದ ಎರಡು ದಿನ, ಇವು ಕಾಣಲ್ಲ. ಹೊಸ ಯಜಮಾನ್ರು ಬಂದಾಗ ಕೇಳೋದು "ಪ್ರಾಜೆಕ್ಟ್ ಮುಗೀತಾ" ಅಂತ. ನವೆಂಬರ್‌ನಲ್ಲೇ ಶೇಕಡಾ 95 ಅಂತ ಹೇಳಿದ್ದೆ, ಈಗ್ಲೂ ಶೇಕಡಾ 95 ಅಂತಾನೇ ಹೇಳ್ತೀನಿ, ಎರಡೂ ನಿಜ.

ಕೆಲವರು ಕೊನೆಗೆ ಬೇಸತ್ತು ಹಳೇ ವರ್ಚುವಲ್ ಮಷೀನನ್ನ ಸೀದಾ ಡಿಲೀಟ್ ಮಾಡ್ತಾರೆ. ದಯವಿಟ್ಟು ಬೇಡ. ಅನ್‌ಇನ್‌ಸ್ಟಾಲ್ ಮಾಡೋವಾಗ ಅದು ಹಠ ಮಾಡುತ್ತೆ, ಆರ್ಬಿಟ್ರೇಶನ್ ಮೇಲ್‌ಬಾಕ್ಸ್ ಇನ್ನೂ ಇಲ್ಲೇ ಇದೆ, ಇನ್ನೇನೋ ಇದೆ, ಸಾಗಿಸದೆ ಬಿಡಲ್ಲ ಅನ್ನುತ್ತೆ, ಅದರ ಹಠಕ್ಕೆ ಕಾರಣ ಇದೆ. ಅವು ಕಣ್ಣಿಗೆ ಕಾಣದ ಸಿಸ್ಟಮ್ ಮೇಲ್‌ಬಾಕ್ಸ್‌ಗಳು, ಅಪ್ರೂವಲ್, ಆಡಿಟ್ ಲಾಗ್ ಎಲ್ಲ ಅವುಗಳಲ್ಲಿರುತ್ತೆ. ಮಷೀನ್ ಡಿಲೀಟ್ ಮಾಡಿದ್ರೆ ಮಷೀನ್ ಹೋಗುತ್ತೆ, ಆಕ್ಟಿವ್ ಡೈರೆಕ್ಟರಿಲಿ ಅದರ ಹೆಸರು ಮಾತ್ರ ಉಳಿಯುತ್ತೆ, ತಿಥಿ ಮಾಡದೆ ಬಿಟ್ಟ ಹಾಗೆ, ಆಮೇಲೆ ಎರಡು ವರ್ಷ ಬಿಟ್ಟು ಮುಂದಿನ ಅಪ್‌ಗ್ರೇಡ್ ಹೊತ್ತಲ್ಲಿ ಸೆಟಪ್ "ಆ ಸರ್ವರ್ ಎಲ್ಲಿ" ಅಂತ ಕೇಳುತ್ತೆ.

ಇವತ್ತು ಬೆಳಿಗ್ಗೆ ಹಳೇ ಸರ್ವರ್‌ನ ಲಾಗ್ ತೆಗೆದು ನೋಡಿದೆ. ಹೋದ ವಾರ ಮೂರು ಐಪಿ ಇತ್ತು. ಜನರೇಟರ್ ಪ್ಯಾನೆಲ್‌ಗೆ ಕಂಪನಿಯೋರೇ ಬಂದು ವಿಳಾಸ ಬದಲಾಯಿಸಿ ಹೋದ್ರು, ಎರಡನೇ ಮಹಡಿ ಸ್ಕ್ಯಾನರ್ ಎಕ್ಸ್‌ಚೇಂಜ್ ಆಫರಲ್ಲಿ ಹೋಯ್ತು. ಉಳಿದಿರೋದು ವೇಬ್ರಿಜ್ ಒಂದೇ, ಬೆಳಿಗ್ಗೆ ಆರೂಕಾಲಿಂದ ಹನ್ನೊಂದು ಮೇಲ್ ಕಳಿಸಿದೆ, ಎಲ್ಲ ಸ್ಟೋರ್ಸ್‌ಗೇ. ಅದರ ಕಂಟ್ರೋಲರ್ ಪಾಸ್‌ವರ್ಡ್ ಗೊತ್ತಿರೋ ಸರ್ವಿಸ್ ಇಂಜಿನಿಯರ್ ಕೊಯಮತ್ತೂರಿಂದ ಬರ್ಬೇಕು, ಬರೋ ಭಾನುವಾರ ಅಂತ ಹೇಳಿದ್ದಾನೆ, ಹಿಂದಿನ ಎರಡು ಭಾನುವಾರಾನೂ ಹೇಳಿದ್ದ. ಸ್ಟೋರ್ಸ್ ಅಣ್ಣನಿಗೆ ವಿಷಯ ಹೇಳಿದ್ರೆ ಸ್ಲಿಪ್ಪಿನ ಕಟ್ಟು ತಿರುವಿ ಹಾಕ್ತಾ, "ಅಯ್ಯೋ ಬುಡಿ ಸಾರ್, ಆ ಮೇಲ್‌ನ ನಾನ್ ಯಾವತ್ತೂ ನೋಡೇ ಇಲ್ಲ, ಡ್ರೈವರೇ ಕಾಗ್ದ ತಂದ್ಕೊಡ್ತಾನೆ" ಅಂದ್ರು.